ಕತ್ತಿನ ಗೆರೆ

"ಆ ಹೊಗೆ ತೋರಿಸಿ ಕಳಿಸಿ, ಸಾಕು. ಇನ್ನೇನೂ ಹೇಳೋಕೆ ಹೋಗಬೇಡಿ" ಎಂದು ಹೆಂಡತಿ ಹೇಳಿದಾಗ ಅವನು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ. ಅವಳ ಅಣ್ಣ ಮಧ್ಯಾಹ್ನ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಲ್ಯಾಬು ನೋಡಲು ಬರುತ್ತಾನಂತೆ. ಮುಖ ಎತ್ತಿದರೆ ಏನಾದರೂ ಅಂದುಬಿಡುತ್ತೇನೆಂದು ಬಗ್ಗಿದವನು ಬಗ್ಗಿಯೇ ಇದ್ದ. ಹೊಗೆಯಂತೆ ಹೊಗೆ. ಕತ್ತೆಯ ವೀರ್ಯವನ್ನು ಹೆಪ್ಪುಗಟ್ಟಿಸಿ ಕಾಪಾಡುವ ಕೆಲಸದಲ್ಲಿ ಇಷ್ಟು ವರ್ಷ ತಲೆಗೂದಲು ಉದುರಿಸಿಕೊಂಡರೆ ಮನೆಯವಳಿಗೆ ಕಂಡದ್ದು ಹೊಗೆ. ಅದು ಹೊಗೆಯಲ್ಲ, ವೀರ್ಯ ಇಡುವ ಕ್ಯಾನಿನೊಳಗಿನ ದ್ರವ ನೈಟ್ರೋಜನ್ನಿನ ಥಂಡಿಗೆ ಹೊರಗಿನ ಗಾಳಿ ಮಂಜಾಗುವುದು ಎಂದು ಮದುವೆಯ ಹೊಸದರಲ್ಲೇ ಬಿಡಿಸಿ ಹೇಳಿದ್ದ. ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡು ಕೊನೆಗೆ "ಇಷ್ಟೆಲ್ಲ ಕತ್ತೆಗಾ?" ಎಂದಿದ್ದಳು. ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಈಗ ಮಗಳೂ ಶಾಲೆಯಲ್ಲಿ ಅಪ್ಪ ಡಾಕ್ಟರು ಎಂದಷ್ಟೇ ಹೇಳಿಕೊಂಡಿದ್ದಾಳೆ. ಎಂಥ ಡಾಕ್ಟರು ಎಂದು ಕೇಳಿದ ಗೆಳತಿಗೆ "ನಮ್ಮ ಮಾವನ ಥರಾ" ಎಂದಳಂತೆ. ಮಾವನೆಂದರೆ ಇದೇ ಅಣ್ಣ, ಮಕ್ಕಳಾಗದವರಿಗೆಂದು ದೊಡ್ಡ ಆಸ್ಪತ್ರೆ ಇಟ್ಟುಕೊಂಡವನು. ಅಲ್ಲಿಯೂ ಇದೇ ಕ್ಯಾನು, ಇದೇ ಮೈಕ್ರೋಸ್ಕೋಪು, ಒಂದೇ ಲಾರಿಯಿಂದ ಇಳಿಯುವ ನೈಟ್ರೋಜನ್. ಆದರೆ ಅವನ ಗೋಡೆಗಳ ತುಂಬ ಗುಂಡುಗುಂಡು ಮಕ್ಕಳ ಫೋಟೋ, ಒಳಗೆ ಕಾಲಿಡುತ್ತಿದ್ದಂತೆ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು. ಅಂಗಡಿಯವನು ಎಂದು ಇವನು ಮನಸ್ಸಿನಲ್ಲಿ ಅನ್ನುತ್ತಾನೆ, ಬಾಯಲ್ಲಿ ಭಾವ ಎನ್ನುತ್ತಾನೆ. "ಕೇಳಿಸ್ತೇನ್ರೀ?" ಎಂದಳು ಹೆಂಡತಿ. "ಕೇಳಿಸ್ತು" ಎಂದು ಲೇಸನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಎಳೆದ.

ಬಸ್ಸಿನಲ್ಲಿ ಪಕ್ಕದವನ ಚೀಲ ಮೊಣಕಾಲಿಗೆ ಒತ್ತುತ್ತಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಫೋನಿನಲ್ಲಿ "ಕತ್ತೆ, ನಾನು ಹೇಳಿದ್ದೇನು, ನೀನು ಮಾಡಿದ್ದೇನು" ಎಂದು ಬೈಯುತ್ತಿದ್ದರೆ, ಎಂದಿನಂತೆ ತನ್ನನ್ನೇ ಕರೆದಂತಾಗಿ ಅವನ ಕತ್ತು ತಿರುಗಿತು. ಜನರ ಬಗ್ಗೆ ಅವನಿಗೆ ಈಗ ಉಳಿದಿದ್ದ ಅಭಿಪ್ರಾಯ ಒಂದೇ. ಕತ್ತೆಗಳು ಹಿಂಡುಹಿಂಡಾಗಿದ್ದಾಗ ಹೊರೆ ಹೊರಿಸಿದರು; ಹೊರೆಗೆ ಗಾಡಿ ಬಂದ ಮೇಲೆ ಬೀದಿಗೆ ಬಿಟ್ಟು ಹೆಸರನ್ನು ಮಾತ್ರ ಬೈಗುಳಕ್ಕೆ ಇಟ್ಟುಕೊಂಡರು; ಒಂದು ತಳಿಯಲ್ಲಿ ಒಂದೇ ಒಂದು ಗಂಡು ಉಳಿದಿದೆ ಎಂದು ಗೊತ್ತಾದಾಗ ಸಮಿತಿ ಮಾಡಿದರು. ಸಮಿತಿಯ ಮೊದಲ ಸಭೆಯಲ್ಲಿ ಬಿಸ್ಕತ್ತು ಮುರಿಯುತ್ತ ಒಬ್ಬರನ್ನೊಬ್ಬರು ನೋಡಿ ನಗು ತಡೆದುಕೊಂಡವರ ಮುಖಗಳು ಅವನ ಕಣ್ಣಿಗೆ ಕಟ್ಟಿದಂತಿವೆ. ಆ ಒಂದು ಗಂಡಿಗೆ ಎಲ್ಲರೂ ಯಜಮಾನ ಎನ್ನುತ್ತಿದ್ದರು. ಎತ್ತರದ ಪ್ರಾಣಿ, ಮೈತುಂಬ ಜಡೆಗಟ್ಟಿದ ಕಂದು ಕೂದಲು, ಯಾರನ್ನೂ ಲೆಕ್ಕಕ್ಕಿಡದ ಗತ್ತು. ವೀರ್ಯ ತೆಗೆಯುವ ದಿನ ಬೆದೆಗೆ ಬಂದ ಹೆಣ್ಣನ್ನು ಮೂಗಿನೆದುರು ತಂದು ನಿಲ್ಲಿಸಿದರೂ ಅದು ಅರ್ಧ ಗಂಟೆ ಗೋಡೆ ನೋಡುತ್ತ ನಿಲ್ಲುತ್ತಿತ್ತು. ಅಷ್ಟು ಹೊತ್ತೂ ಚಿನ್ನದ ಪದಕ ಪಡೆದ ಪಶುವೈದ್ಯನಾದ ಅವನು ವೀರ್ಯ ಹಿಡಿಯಲೆಂದು ಬಿಸಿನೀರು ತುಂಬಿದ ರಬ್ಬರ್ ಕೊಳವೆಯನ್ನು ಕಂಕುಳಲ್ಲಿ ಅವುಚಿಕೊಂಡು ಕಾಯಬೇಕು. ನೀರು ಆರಿದರೆ ಓಡಿಹೋಗಿ ಬದಲಿಸಿಕೊಂಡು ಬರಬೇಕು. ಯಾರಾದರೂ ಕೆಮ್ಮಿದರೆ ಯಜಮಾನ ಮನಸ್ಸು ಬದಲಾಯಿಸಿ ಹುಲ್ಲಿನ ಕಡೆ ತಿರುಗುತ್ತಿತ್ತು. ಒಮ್ಮೆ ನಿರ್ದೇಶಕರು ಕಿಟಕಿಯಲ್ಲಿ ನಿಂತು ನೋಡಿ "ನಿಮ್ಮಿಬ್ಬರಲ್ಲಿ ಯಾರಿಗೆ ತಾಳ್ಮೆ ಜಾಸ್ತಿ ಡಾಕ್ಟ್ರೇ?" ಎಂದು ಕೇಳಿ ತಾವೇ ನಕ್ಕಿದ್ದರು. ಅವನೂ ನಕ್ಕಿದ್ದ. ಹಾಗೆ ನಕ್ಕದ್ದು ರಾತ್ರಿ ಊಟದ ತಟ್ಟೆಯ ಮುಂದೆ ನೆನಪಾಗಿ ಕೈಯಲ್ಲಿದ್ದ ತುತ್ತು ಕೆಳಗಿಟ್ಟಿದ್ದ. ಯಜಮಾನ ಕಳೆದ ಚಳಿಗಾಲದಲ್ಲಿ ಕರುಳು ತಿರುಚಿಕೊಂಡು ಸತ್ತಿತು. ಅದರದೆಂದು ಉಳಿದದ್ದು ಕ್ಯಾನಿನಲ್ಲಿರುವ ಕಡ್ಡಿಗಳು ಮಾತ್ರ. ಕಡ್ಡಿಯೆಂದರೆ ಪ್ಲಾಸ್ಟಿಕ್ಕಿನ ತೆಳ್ಳನೆಯ ನಳಿಕೆ, ಒಳಗೆ ಕೆಲವು ಹನಿ ಹೆಪ್ಪುಗಟ್ಟಿದ ವೀರ್ಯ. ಆ ತಳಿ ಮುಂದುವರಿದರೆ ಅವುಗಳಿಂದ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಗೇಟಿನಲ್ಲೇ ಲಾಯದ ಮುದುಕ ಕಾದಿದ್ದ. ಕತ್ತೆಗಳ ಮೇವು, ನೀರು, ಲದ್ದಿ ಬಾಚುವುದು ಎಲ್ಲ ಅವನದೇ. ಅವುಗಳ ಸುದ್ದಿ ಹೇಳುವಾಗ ಮನೆಯ ಹೆಣ್ಣುಮಕ್ಕಳ ಸುದ್ದಿ ಹೇಳಿದಂತೆ ದನಿ ಇಳಿಸುತ್ತಿದ್ದ. "ಮೊಂಡಿ ಬೆದೆಗೆ ಬಂದಿದಾಳೆ ಸಾರ್. ಬೆಳಿಗ್ಗೆಯಿಂದ ಬಾಯಿ ಆಡಿಸ್ತಾ ನಿಂತಿದಾಳೆ. ಮೇವು ಮುಟ್ಟಿಲ್ಲ." ಮೊಂಡಿ ಅದೇ ತಳಿಯ ಹೆಣ್ಣು, ಪ್ರಾಯ ಇಳಿಯುತ್ತಿರುವುದು. ಅವನು ಲಾಯಕ್ಕೆ ಹೋಗಿ ಸ್ಕ್ಯಾನಿನಲ್ಲಿ ನೋಡಿದ. ಅಂಡ ಬಲಿತಿತ್ತು, ಸಂಜೆಯೊಳಗೆ ವೀರ್ಯ ಹಾಕಬೇಕು. "ಇವತ್ತು ನಮ್ಮ ಯಜಮಾನಂದೇ ಹಾಕಿಬಿಡೋಣ ಸಾರ್" ಎಂದ ಮುದುಕ. ಯಜಮಾನ ಸತ್ತ ದಿನ ಗೋಳೋ ಎಂದು ಅತ್ತಿದ್ದವನು, ಆಮೇಲೆ ಕಡ್ಡಿಗಳಲ್ಲಿ ಅದರ ಜೀವ ಇನ್ನೂ ಇದೆ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಲ್ಯಾಬಿನ ಬಾಗಿಲು ದಾಟುವಾಗಲೆಲ್ಲ "ಎಲ್ಲಿಗೋಗಿದಾನೆ ಅವನು, ಒಳಗೇ ಇದಾನಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಇವನಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ಹಾಕೋದಕ್ಕೆ ಮುಂಚೆ ಒಂದು ಕರಗಿಸಿ ನೋಡಬೇಕು" ಎಂದ ಗಡುಸಾಗಿ. "ನೋಡಿ ಸಾರ್. ನೋಡೋದ್ರಲ್ಲೇನು" ಎಂದ ಮುದುಕ.

ನೋಡುವುದರಲ್ಲೇ ಎಲ್ಲವೂ ಇತ್ತು. ಯಜಮಾನ ಸತ್ತ ಮೇಲೆ ಅವನು ಒಂದು ಕಡ್ಡಿಯನ್ನೂ ಕರಗಿಸಿ ನೋಡಿರಲಿಲ್ಲ. ಇರುವುದೇ ಅಷ್ಟು, ಪರೀಕ್ಷೆಗೆಂದು ಯಾಕೆ ಹಾಳು ಮಾಡುವುದು ಎಂದು ಕೇಳಿದವರಿಗೆ ಹೇಳಿದ್ದ, ಕೇಳದವರಿಗೂ ಹೇಳಿದ್ದ. ಲ್ಯಾಬಿನ ಬಾಗಿಲು ಹಾಕಿಕೊಂಡು ಕೈತೊಳೆದ. ಒರೆಸಿಕೊಂಡು ಇನ್ನೊಮ್ಮೆ ತೊಳೆದ. ಮೂಲೆಯಲ್ಲಿ ಎರಡು ಕ್ಯಾನು, ಹೊಟ್ಟೆ ದೊಡ್ಡದು, ಕತ್ತು ಸಣ್ಣದು, ಕತ್ತಿನೊಳಗೆ ಒಂದು ಗೆರೆ. ಎಡಗಡೆಯದರಲ್ಲಿ ಯಜಮಾನ, ಕಡ್ಡಿಗಳೆಲ್ಲ ಒಂದೇ ಡಬ್ಬಿಯಲ್ಲಿ. ಬಲಗಡೆಯದರಲ್ಲಿ ಬರೀ ನೈಟ್ರೋಜನ್, ಎಡಗಡೆಯದು ತಗ್ಗಿದಾಗ ತುಂಬಲಿಕ್ಕೆ. ಅದರೊಳಗೂ ಉದ್ದ ಹಿಡಿಕೆಯ ಡಬ್ಬಿಗಳು ತೂಗಾಡುತ್ತಿದ್ದವು, ಖಾಲಿ. ಕ್ಯಾನುಗಳ ಮೇಲಿನ ಗೋಡೆಯಲ್ಲಿ ಅವನದೇ ದುಂಡು ಅಕ್ಷರದ ಕಾಗದ: 'ಡಬ್ಬಿಯನ್ನು ಕತ್ತಿನ ಗೆರೆಗಿಂತ ಮೇಲೆ ಎತ್ತಕೂಡದು.' ಎತ್ತಿದರೆ ಕಡ್ಡಿಗಳಿಗೆ ಹೊರಗಿನ ಬಿಸಿ ತಾಗುತ್ತದೆ. ಒಮ್ಮೆ ತಾಗಿದರೆ ಏನೂ ಆಗಲಿಕ್ಕಿಲ್ಲ. ಮತ್ತೆ ಮತ್ತೆ ತಾಗಿದರೆ ಒಳಗಿನ ಹಿಮ ಕೊಂಚ ಸಡಿಲಿ, ಮತ್ತೆ ಗಟ್ಟಿಯಾಗಿ, ಚೂಪಾಗಿ ಬೆಳೆದು ಇರಿಯುತ್ತದೆ. ಹೊರಗಿನಿಂದ ಏನೂ ತಿಳಿಯುವುದಿಲ್ಲ, ಕಡ್ಡಿ ಹಾಗೇ ಇರುತ್ತದೆ. ಇದನ್ನು ಕಲಿಯಲು ಬಂದವರಿಗೆ ಅವನು ಮೇಜು ಗುದ್ದಿ ಹೇಳುತ್ತಿದ್ದ. ಆ ಕಾಗದ ಅಂಟಿಸಿದ್ದು ಅವರಿಗಾಗಿ.

ಮೊದಲ ಸಲ ಎತ್ತಿದ್ದು ಸಮಿತಿಯವರು ಬಂದ ದಿನ. ಲಾಯದಲ್ಲಿ ಹಲ್ಲುಕಿರಿದವರು, ಕತ್ತೆಯ ಮೇಲೆ ಇರುವ ಗಾದೆಗಳನ್ನೆಲ್ಲ ಒಬ್ಬರ ಮೇಲೊಬ್ಬರು ಪೈಪೋಟಿಯಿಂದ ಹೇಳಿದವರು, ಅದೇ ನಗು ಮುಖದಲ್ಲಿಟ್ಟುಕೊಂಡು ಈ ಕೋಣೆಗೆ ಬಂದಿದ್ದರು. ಅವನಿಗೆ ಏನನ್ನಿಸಿತೋ, ಮುಚ್ಚಳ ತೆಗೆದು ಡಬ್ಬಿಯನ್ನು ಹಿಡಿಕೆ ಹಿಡಿದು ಗೆರೆಯ ಮೇಲಕ್ಕೆ, ತನ್ನ ಎದೆಯ ಮಟ್ಟಕ್ಕೆ ಎತ್ತಿಬಿಟ್ಟ. ಬೆಳ್ಳನೆಯದು ಉಕ್ಕಿ ಬಂತು, ಕ್ಯಾನಿನ ಮೈಮೇಲೆ ಇಳಿದು, ನೆಲದ ಮೇಲೆ ಹರಡಿ ಅವರ ಬೂಟುಗಳನ್ನು ಮುಳುಗಿಸಿತು. ನಕ್ಕಿದ್ದ ಬಾಯಿಗಳು ಮುಚ್ಚಿಕೊಂಡವು. "ಇವು ನಾವು ಸತ್ತ ಮೇಲೂ ಕಾಯುತ್ತಿರುತ್ತವೆ" ಎಂದು ಅವನು ಹೇಳಿದಾಗ ಸಮಿತಿಯ ಅಧ್ಯಕ್ಷರು ಅವನನ್ನು ಮೊದಲ ಬಾರಿಗೆ "ನೀವು" ಎಂದರು. ಆಮೇಲೆ ಎಷ್ಟು ಸಲ ಎತ್ತಿದ, ಯಾರಿಗೆ ಎತ್ತಿದ? ಮಂತ್ರಿಗಳ ಹೆಂಡತಿಗೆ. ಪತ್ರಿಕೆಯವರಿಗೆ, ಫೋಟೋ ಸರಿಯಾಗಿ ಬರಲಿಲ್ಲವೆಂದು ಅವರಿಗೇ ಇನ್ನೊಮ್ಮೆ. ಶಾಲೆಯ ಮಕ್ಕಳ ಸಾಲಿಗೆ, ಒಂದೊಂದು ಮಗುವೂ ಬಗ್ಗಿ ನೋಡುವ ತನಕ. ಹೆಂಡತಿಯ ಕಡೆಯ ನೆಂಟರಿಗೆ. ಹೊಸ ಅಳಿಯನನ್ನು ಕರೆದುಕೊಂಡು ಬಂದು "ಒಂದೇ ಒಂದು ಸಲ ಸಾರ್, ಇವನು ನಂಬಲ್ಲ" ಎಂದು ಅಂಗಲಾಚಿದ ಲಾಯದ ಮುದುಕನಿಗೆ. ಎತ್ತುವಾಗಲೆಲ್ಲ ಇನ್ನು ಸಾಕು, ಇಳಿಸು ಎಂದು ಒಳಗೆ ಒಂದು ದನಿ ಹೇಳುತ್ತಿತ್ತು. ಅವನು ಅವರ ಮುಖಗಳನ್ನು ನೋಡುತ್ತ ಇನ್ನೊಂದು ಉಸಿರು ಹಿಡಿದು ನಿಲ್ಲುತ್ತಿದ್ದ. ಬದುಕಿನಲ್ಲಿ ಯಾರೂ ಅವನನ್ನು ನೋಡಿ ನಗದಿದ್ದ ಹೊತ್ತೆಂದರೆ ಅದೊಂದೇ.

ಚಿಮಟದಿಂದ ಮೇಲಿನ ಲೋಟದ ಒಂದು ಕಡ್ಡಿ ಹಿಡಿದ. ಡಬ್ಬಿಯೊಳಗೆ ಎರಡು ಲೋಟ, ಒಂದರ ಮೇಲೊಂದು. ಇವತ್ತು ಗೆರೆಯ ಕೆಳಗೇ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು, ಎಷ್ಟು ಜೋಪಾನ! ಬೆಚ್ಚನೆಯ ನೀರಿನಲ್ಲಿ ಅದ್ದಿದ, ಒರೆಸಿದ, ತುದಿ ಕತ್ತರಿಸಿದ, ಗಾಜಿನ ಮೇಲೆ ಹನಿ ಬಿಟ್ಟು ಮೈಕ್ರೋಸ್ಕೋಪಿನ ಕೆಳಗಿಟ್ಟ. ಕೂಡಲೇ ಕಣ್ಣಿಡಲಿಲ್ಲ. ಯಜಮಾನನ ಹೊಸ ವೀರ್ಯವನ್ನು ಇದೇ ಗಾಜಿನಲ್ಲಿ ನೋಡಿದ್ದು ನೆನಪಾಯಿತು. ಕುದಿ ಬಂದ ಪಾತ್ರೆಯ ಹಾಗೆ ಇತ್ತು ಅದು. ಅಷ್ಟು ನಿಧಾನದ ಪ್ರಾಣಿಯೊಳಗೆ ಇಷ್ಟು ಅವಸರ ಎಲ್ಲಿ ಅಡಗಿತ್ತೆಂದು ಒಬ್ಬನೇ ನಕ್ಕಿದ್ದ. ಈಗ ಬಗ್ಗಿ ನೋಡಿದರೆ ಎಲ್ಲವೂ ಇದ್ದವು. ತಲೆ ಇತ್ತು, ಬಾಲ ಇತ್ತು, ಒಂದಾದರೂ ಅಲುಗಲಿಲ್ಲ. ಗಾಜನ್ನು ಜರುಗಿಸಿದ. ಬೆಳಕು ಹೆಚ್ಚಿಸಿದ. ಗಾಜು ತಣ್ಣಗಿರಬೇಕೆಂದು ಇನ್ನೊಂದು ಬೆಚ್ಚಗಿನ ಗಾಜಿಗೆ ಇನ್ನೊಂದು ಹನಿ ಹಾಕಿದ. ಅದೇ. ಇನ್ನೊಂದು ಕಡ್ಡಿ ತೆಗೆದ, ಅದೂ ಅದೇ. ಮೊದಲು ತೋಚಿದ್ದು ಬೇರೆಯವರ ಹೆಸರುಗಳೇ. ಲಾರಿಯವನು ತಡವಾಗಿ ಬಂದಿದ್ದನಲ್ಲ. ನಿರ್ದೇಶಕರು ಹೊಸ ಕ್ಯಾನು ಕೊಡಿಸಲಿಲ್ಲವಲ್ಲ. ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟ, ಯಾವುದೂ ನಿಲ್ಲಲಿಲ್ಲ. ಗೋಡೆಯ ಮೇಲೆ ಅವನದೇ ದುಂಡು ಅಕ್ಷರ. ಕೆಳಗಿನ ಲೋಟ ಇನ್ನೂ ಇದೆ ಎಂದುಕೊಂಡ. ಅದು ಆಳದಲ್ಲಿರುತ್ತದೆ, ಎತ್ತಿದಾಗಲೂ ಅದಕ್ಕೆ ಅಷ್ಟು ತಾಗಿರಲಾರದು. ಮೊಂಡಿಗೆ ಒಂದು ಸಲಕ್ಕೆ ಸಾಲುವಷ್ಟು ಕಡ್ಡಿ ಅದರಲ್ಲಿವೆ. ಕೈ ಮುಂದೆ ಹೋಗುವಷ್ಟರಲ್ಲಿ ಹೊರಗೆ ಕಾರು ನಿಂತಿತು.

ಭಾವ ಬಂದದ್ದು ಮೊದಲು ಅವನ ಸೆಂಟಿನ ವಾಸನೆಯಿಂದ ತಿಳಿಯಿತು. ಜೊತೆಗೆ ಇಬ್ಬರು, ಒಬ್ಬ ದಪ್ಪ, ಇನ್ನೊಬ್ಬ ಅವನಿಗಿಂತ ದಪ್ಪ. "ಏನ್ರೀ ಡಾಕ್ಟ್ರೇ, ಹೇಗಿದಾರೆ ನಿಮ್ಮ ಪೇಷೆಂಟುಗಳು?" ಎಂದ ಭಾವ. ಯಾವಾಗಲೂ ಕೇಳುವುದು ಇದನ್ನೇ. "ಚೆನ್ನಾಗಿದಾರೆ ಭಾವ" ಎಂದು ಇವನೂ ಯಾವಾಗಲಿನಂತೆ ಹೇಳಿದ.

"ಅಲ್ಲ ಸಾರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದ ದಪ್ಪನವನು. "ಮನುಷ್ಯರದ್ದು ಸರಿ. ಕತ್ತೇದು ಯಾಕೆ ಇಡೋದು? ಕೊರತೆ ಏನಿದೆ? ನಮ್ಮ ಆಫೀಸಿಗೆ ಬನ್ನಿ, ಬೇಕಾದಷ್ಟಿವೆ."

ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾವನೂ ನಕ್ಕ, ಆದರೆ ಮೆಲ್ಲಗೆ, ತಂಗಿಯ ಗಂಡ ಎಂಬ ಮುಲಾಜಿಗೆ. ನಿಮ್ಮಂಥವರನ್ನು ಮಾತ್ರ ಯಾರೂ ಹೆಪ್ಪುಗಟ್ಟಿಸಿ ಇಡಬೇಕಿಲ್ಲ, ತಾವಾಗಿಯೇ ಹೆಚ್ಚುತ್ತೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಇವನು ನುಂಗಿಕೊಂಡ. ಮೈಕ್ರೋಸ್ಕೋಪಿನ ಕೆಳಗೆ ಸತ್ತದ್ದು ಇನ್ನೂ ಹಾಗೇ ಇತ್ತು, ಯಾರಾದರೂ ಬಗ್ಗಿದರೆ ಕಾಣುವಂತೆ. "ಆ ಹೊಗೆ ತೋರಿಸ್ತೀರಂತಲ್ಲ, ತೋರಿಸಿ ಸಾರ್" ಎಂದ ಇನ್ನೂ ದಪ್ಪನವನು, ಫೋನು ತೆಗೆದು ಸಿದ್ಧ ಮಾಡಿಕೊಳ್ಳುತ್ತ. ಅವನು ಕ್ಯಾನುಗಳ ಕಡೆ ಹೋದ. ಎಡಗಡೆಯದರ ಮುಚ್ಚಳದ ಮೇಲೆ ಕೈಯಿಟ್ಟ. ಕೈ ಎಷ್ಟು ಪಳಗಿತ್ತೆಂದರೆ ತಾನಾಗಿಯೇ ಅಲ್ಲಿಗೆ ಹೋಗಿತ್ತು. ಒಳಗೆ ಕೆಳಗಿನ ಲೋಟ ಇತ್ತು. ಕೈ ತೆಗೆದು, ಒಂದು ಹೆಜ್ಜೆ ಸರಿದು, ಬಲಗಡೆಯ ಕ್ಯಾನಿನ ಮುಚ್ಚಳ ತೆಗೆದ. ಖಾಲಿ ಡಬ್ಬಿಯನ್ನು ಎದೆಯ ಮಟ್ಟಕ್ಕೆ ಎತ್ತಿದ.

ಬೆಳ್ಳನೆಯದು ಉಕ್ಕಿತು. ಇಳಿಯಿತು, ಹರಡಿತು, ಬೂಟುಗಳು ಮುಳುಗಿದವು. ಇಬ್ಬರೂ ಬಾಯಿ ಮುಚ್ಚಿದರು. ದಪ್ಪನವನು ಹಿಂದಕ್ಕೆ ಸರಿದು, ದನಿ ತಗ್ಗಿಸಿ, "ಅಬ್ಬಾ, ಇದರಲ್ಲಿ ಜೀವ ಇರುತ್ತೆ ಅಂದ್ರೆ..." ಎಂದು ಮಾತು ನಿಲ್ಲಿಸಿದ. ಇನ್ನೊಬ್ಬ ಫೋಟೋ ತೆಗೆಯುವುದನ್ನೇ ಮರೆತ. ಏನೂ ಕಡಿಮೆಯಾಗಲಿಲ್ಲ. ಸಮಿತಿಯವರ ಮುಖ, ಮಂತ್ರಿಗಳ ಹೆಂಡತಿಯ ಮುಖ, ಮಕ್ಕಳ ಮುಖ, ಎಲ್ಲ ಇಲ್ಲಿಯೂ ಇದ್ದವು. ಇವತ್ತು ಅವಸರವಿರಲಿಲ್ಲ, ಅವನು ತೋಳು ಸೋಲುವ ತನಕ ಹಿಡಿದು ನಿಂತ. ಡಬ್ಬಿಯಲ್ಲಿ ಏನಿದೆಯೆಂದು ಅವರು ಒಮ್ಮೆಯಾದರೂ ನೋಡಲಿಲ್ಲ. ಸಮಿತಿಯವರು ಬಂದ ದಿನವೂ ಯಾರೂ ನೋಡಿರಲಿಲ್ಲ, ಯಾವ ದಿನವೂ ನೋಡಿರಲಿಲ್ಲ. ಅವರಿಗೆ ಹೊಗೆಯೇ ಬೇಕಾಗಿದ್ದದ್ದು. ಹೆಂಡತಿ ಬೆಳಿಗ್ಗೆ ಹೇಳಿದ ಮಾತು ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಸ್ನೇಹಿತರು ಕತ್ತೆ ನೋಡಲು ಹೊರಗೆ ಹೋದರು. ಭಾವ ಹಿಂದೆ ಉಳಿದು, ಕರವಸ್ತ್ರದಿಂದ ಕನ್ನಡಕ ಒರೆಸುತ್ತ ಬಲಗಡೆಯ ಕ್ಯಾನಿನ ಕಡೆ ಗಲ್ಲ ಆಡಿಸಿದ. "ಖಾಲಿದಲ್ವಾ ಅದು?"

ಅವನು ಆ ಕ್ಯಾನಿನ ಮುಚ್ಚಳ ಹಾಕಿದ.

"ಒಳ್ಳೇದು ಮಾಡಿದೀರಿ. ನಾನೂ ಹಾಗೇ, ಬಂದೋರಿಗೆ ತೋರಿಸೋಕೆ ಅಂತ ಮುಂದಿನ ರೂಮಲ್ಲಿ ಒಂದು ಖಾಲಿದು ಇಟ್ಟಿದೀನಿ. ಆಸ್ಪತ್ರೆ ಶುರು ಮಾಡಿದ ದಿನದಿಂದ. ಜನಕ್ಕೆ ಏನಾದರೂ ನೋಡಬೇಕು ಅಂತಿರುತ್ತೆ, ಪಾಪ, ಬೇಡ ಅನ್ನೋಕಾಗಲ್ಲ. ಹಾಗಂತ ನಿಜವಾದ್ದನ್ನ ಎತ್ತಿ ತೋರಿಸೋಕಾಗುತ್ತಾ? ಅದು ಯಾರದೋ ಮಗು ಕಣ್ರೀ." ಕನ್ನಡಕ ಹಾಕಿಕೊಂಡು ಅವನ ಭುಜ ತಟ್ಟಿದ. "ನೀವೂ ಬುದ್ಧಿವಂತರೇ. ನನ್ನ ತಂಗಿ ಸುಮ್ಮನೆ ಏನೇನೋ ಹೇಳ್ತಾಳೆ."

ಅಂಗಡಿಯವನು ಎನ್ನಲು ಹೋದ ಮನಸ್ಸು ಆ ಪದ ಹೊಂದದೆ ಒದ್ದಾಡಿತು. ಮೀನಿನ ತೊಟ್ಟಿ, ಗುಂಡು ಮಕ್ಕಳ ಫೋಟೋ, ಸೆಂಟು, ಇಷ್ಟನ್ನೇ ಇಟ್ಟುಕೊಂಡು ಅವನು ಈ ಮನುಷ್ಯನನ್ನು ಇಷ್ಟು ದಿನ ಕಾಲ ಕೆಳಗೆ ಹಾಕಿಕೊಂಡಿದ್ದ. ಖಾಲಿ ಕ್ಯಾನು ಒಂದು ಹೆಜ್ಜೆ ದೂರದಲ್ಲೇ ಇತ್ತು. ಇಷ್ಟು ದಿನ ಒಂದು ಸಲವೂ ತೋಚಿರಲಿಲ್ಲ. ತೋಚಿದ್ದರೂ ಎತ್ತುತ್ತಿದ್ದೆನೇ ಎಂದು ಕೇಳಿಕೊಂಡ. ಇಲ್ಲ, ಎತ್ತುತ್ತಿರಲಿಲ್ಲ. ಖಾಲಿಯದನ್ನು ಎತ್ತಿದರೆ ಗೌರವ ಹೊಗೆಗೆ ಸಿಗುತ್ತಿತ್ತು, ತನಗಲ್ಲ. ನಿಜವಾದದ್ದೇ ಕೈಯಲ್ಲಿ ಇರಬೇಕಿತ್ತು ಅವನಿಗೆ, ಅದು ಸತ್ತರೂ ಸರಿ. ಕಾರಿನ ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ಅವನು ಕೈ ಬೀಸಲು ಹೊರಗೆ ಹೋಗಲಿಲ್ಲ.

ಕೆಳಗಿನ ಲೋಟದ ಕಡ್ಡಿಯನ್ನು ಕರಗಿಸಿದಾಗ ಕಿಟಕಿಯ ಬಿಸಿಲು ಮೇಜಿನಿಂದ ಇಳಿದಿತ್ತು. ಈ ಸಲ ತಡ ಮಾಡದೆ ಕಣ್ಣಿಟ್ಟ. ಮೂಲೆಯಲ್ಲಿ ಒಂದು ಅಲುಗಿತು. ಉಸಿರು ಹಿಡಿದು ನೋಡಿದರೆ ಗಾಜಿನ ಕೆಳಗಿನ ನೀರು ಸರಿದದ್ದು. ಎಲ್ಲವೂ ಒಂದೇ ಕಡೆಗೆ ಸ್ವಲ್ಪ ತೇಲಿ ನಿಂತವು. ಮತ್ತೊಂದು ಕಡ್ಡಿ. ಮತ್ತೊಂದು. ಉಳಿದವನ್ನೂ ಒಂದೊಂದಾಗಿ ಕರಗಿಸಿದ, ಮೇಲಿನದು ಕೆಳಗಿನದು ಎಂದು ನೋಡದೆ, ಡಬ್ಬಿ ಬರಿದಾಗುವ ತನಕ. ಕೊನೆಯದನ್ನು ನೋಡಿ ಮೈಕ್ರೋಸ್ಕೋಪಿನ ದೀಪ ಆರಿಸಿ, ಅದಕ್ಕೆ ಮುಸುಕು ಹಾಕಿದ.

ಲಾಯದಲ್ಲಿ ಮುದುಕ ಎಲ್ಲ ಅಣಿ ಮಾಡಿಕೊಂಡಿದ್ದ. ಮೊಂಡಿಯ ಹಿಂಭಾಗ ತೊಳೆದು, ಬಾಲಕ್ಕೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿ, ಅದನ್ನು ಒಂದು ಪಕ್ಕಕ್ಕೆ ಎತ್ತಿ ಹಿಡಿದುಕೊಂಡು ನಿಂತಿದ್ದ. ಬರಿಗೈಯಲ್ಲಿ ಬಂದವನನ್ನು ನೋಡಿ "ತರಲಿಲ್ವಾ ಸಾರ್?" ಎಂದ.

"ಇಲ್ಲ. ಸತ್ತಿವೆ. ಒಂದೂ ಉಳಿದಿಲ್ಲ."

ಮುದುಕ ಬಾಲ ಬಿಡಲಿಲ್ಲ. ಇವನು ಲಾರಿ, ಕ್ಯಾನು, ನಿರ್ದೇಶಕರು ಯಾರ ಹೆಸರೂ ಬಾಯಿಗೆ ಬರುವ ಮೊದಲೇ ಹೇಳಿದ: "ನಾನೇ ಕೊಂದದ್ದು. ಬಂದವರಿಗೆಲ್ಲ ಎತ್ತಿ ಎತ್ತಿ ತೋರಿಸಿದೆನಲ್ಲ, ಅದಕ್ಕೇ ಸತ್ತವು."

"ನೋಡಿದ್ರೆ ಸಾಯ್ತಾವಾ ಸಾರ್?" ಎಂದ ಮುದುಕ.

ಬಿಸಿ ತಾಗುವುದು, ಹಿಮ ಚೂಪಾಗುವುದು, ಎಲ್ಲ ಮೇಜು ಗುದ್ದಿ ಹೇಳಬಲ್ಲವನು ಹೌದೆಂದು ಸುಮ್ಮನೆ ತಲೆಯಾಡಿಸಿದ. ಒಂದು ಬೈಗುಳಕ್ಕೆ ಕಾದ, ಇಲ್ಲವೇ ಒಂದು ನಗೆಗೆ. ಮುದುಕ ಬೈಯಲಿಲ್ಲ, ನಗಲೂ ಇಲ್ಲ. ಕಣ್ಣು ಕೆಳಗೆ ಹಾಕಿ, "ಹಾಗಾದ್ರೆ ನಾನೂ ನೋಡಿದೀನಿ ಸಾರ್" ಎಂದ. "ನಮ್ಮ ಅಳಿಯನಿಗೂ ತೋರಿಸಿದ್ರಿ. ಲದ್ದಿ ಬಾಚೋನು ಅಂತಿದ್ದ ನನ್ನ. ಅವತ್ತಿಂದ ಎದ್ದು ನಿಂತು ಮಾತಾಡಿಸ್ತಾನೆ."

ಅವನು ಲಾಯದ ಕಂಬಕ್ಕೆ ಒರಗಿದ. ಕಣ್ಣು ಉರಿಯುತ್ತಿತ್ತು, ಒರೆಸಿಕೊಳ್ಳಬೇಕೆಂದು ಹೊಳೆಯಲಿಲ್ಲ. ಮುದುಕ ಬಾಲವನ್ನು ಮೆಲ್ಲಗೆ ಇಳಿಸಿ, ಪಟ್ಟಿಯನ್ನು ಬಿಚ್ಚಿ, ಮತ್ತೆ ಬೇಕಾಗುವುದೆಂಬಂತೆ ಬಿಗಿಯಾಗಿ ಸುತ್ತಿ ಜೇಬಿನಲ್ಲಿಟ್ಟುಕೊಂಡ. ಮೊಂಡಿ ಕಿವಿ ಹಿಂದಕ್ಕೆ ಒರಗಿಸಿ, ಬಾಯಿ ಆಡಿಸುತ್ತ, ಇದ್ದ ಕಡೆಯಿಂದ ಕದಲದೆ ನಿಂತೇ ಇತ್ತು.